ಗಿಟಾರ್ ಪಾಠ ಉಚಿತವಾದ ಬಗೆ



ನಮ್ಮ ಕೊಯರ್‌ನಲ್ಲಿ ಇಂದು ಗಿಟಾರ್ ಹಿಡಿದು ನಿಲ್ಲುವ ಹುಡುಗ ಹುಡುಗಿಯರನ್ನು "ಯಾರ ಹತ್ತಿರ ಕಲಿತದ್ದು?" ಎಂದು ಕೇಳಿ ನೋಡಿ. "ಯೂಟ್ಯೂಬ್‌ನಲ್ಲಿ" ಎಂಬ ಉತ್ತರವೇ ಹೆಚ್ಚು. ಕ್ಲಾಸಿಗೆ ಸೇರಬೇಕೆಂದರೆ ಮಂಗಳೂರಿಗೋ ಕಾಸರಗೋಡು ಪೇಟೆಗೋ ಬಸ್ಸು ಹತ್ತಬೇಕು, ತಿಂಗಳಿಗೆ ಫೀಸು ಕಟ್ಟಬೇಕು. ಫೋನಿನಲ್ಲಾದರೆ ಮನೆಯ ಜಗಲಿಯಲ್ಲಿ ಕೂತು, ಒಂದು ರೂಪಾಯಿ ಫೀಸಿಲ್ಲದೆ, ಎ ಕಾರ್ಡಿನಿಂದ ಶುರುಮಾಡಿ ಮೂರು ತಿಂಗಳಲ್ಲಿ ಒಂದು ಪ್ರವೇಶ ಗೀತೆಗೆ ಜೊತೆ ನುಡಿಸುವಷ್ಟು ಕಲಿಯಬಹುದು.

"ಫ್ರೀ ಅಲ್ಲವಾ ಅಣ್ಣ" ಎನ್ನುತ್ತಾರೆ ಮಕ್ಕಳು. ಹೌದು, ಕಲಿಯುವವರಿಗೆ ಫ್ರೀ. ಆದರೆ ಯಾರಿಗೂ ಖರ್ಚಾಗದೆ ಈ ಪಾಠ ನಮ್ಮ ತನಕ ಬಂದಿದೆಯೇ? ಇದರ ಚರಿತ್ರೆ ಓದುತ್ತಾ ಹೋದಂತೆ ನನಗೆ ತಿಳಿದದ್ದು ಇಷ್ಟು: ಸಂಗೀತದ ಮೊದಲ ಪಾಠವನ್ನು ಉಚಿತವಾಗಿ ಕೊಡುವುದು ಇಂಟರ್ನೆಟ್ ಕಂಡುಹಿಡಿದದ್ದಲ್ಲ. ಪ್ರತಿ ಕಾಲದಲ್ಲೂ ಅದರ ಹಿಂದೆ ಯಾರೋ ಒಬ್ಬರು ಹಣವನ್ನೋ ದುಡಿಮೆಯನ್ನೋ ಹಾಕಿದ್ದಾರೆ. ಅವರು ನಿಂತಾಗ ಪಾಠವೂ ನಿಂತಿದೆ. ಈ ಬಾರಿಯ ಬರಹದಲ್ಲಿ ಆ ಕಥೆಯನ್ನು ಕ್ರಮವಾಗಿ ಹೇಳುತ್ತೇನೆ.

ಇಗರ್ಜಿಯ ಪಕ್ಕದ ಪಾಠ

ಸುಮಾರು 1,000 ವರ್ಷಗಳ ಹಿಂದೆ ಇಟಲಿಯ ಅರೆಝೋ ಎಂಬ ಊರಿನಲ್ಲಿ ಗೀದೋ ಎಂಬ ಸಂನ್ಯಾಸಿ ಇದ್ದರು. ಇಗರ್ಜಿಯಲ್ಲಿ ಹಾಡುವ ಹುಡುಗರಿಗೆ ಹಾಡು ಕಲಿಸುವುದು ಅವರ ಕೆಲಸ. ಆಗ ಹಾಡುಗಳನ್ನು ಗುರುವಿನ ಬಾಯಿಂದ ಕೇಳಿ ಕೇಳಿಯೇ ಕಲಿಯಬೇಕಿತ್ತು. ಹೊಸ ಹಾಡೊಂದು ಬಂದರೆ ಮತ್ತೆ ಗುರು ಬೇಕು. ಗೀದೋ ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನು ಖಚಿತಗೊಳಿಸಿದರು. ಸ್ನಾನಿಕ ಯೊವಾನ್ನರ ಸ್ತುತಿಗೀತೆಯೊಂದರ ಸಾಲುಗಳ ಮೊದಲಕ್ಷರಗಳಿಂದ ಉತ್, ರೆ, ಮಿ, ಫ, ಸೋಲ್, ಲ ಎಂಬ ಹೆಸರುಗಳನ್ನೂ ತೆಗೆದರು. ಇಂದಿನ ದೊ-ರೆ-ಮಿ ಬಂದದ್ದು ಅಲ್ಲಿಂದಲೇ. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆಯನ್ನು ಒಂದು ವರ್ಷದಲ್ಲಿ, ಹೆಚ್ಚೆಂದರೆ ಎರಡು ವರ್ಷದಲ್ಲಿ ಮುಗಿಸಬಹುದು ಎಂದು ಅವರು ಗೆಳೆಯನಿಗೆ ಪತ್ರ ಬರೆದಿದ್ದರು. ಗುರು ಎದುರಿಗಿಲ್ಲದಾಗಲೂ ಕಲಿಯಬಹುದು ಎಂಬ ಯೋಚನೆ ಅಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿತು.

ಇದು ನಮ್ಮ ಕರಾವಳಿಗೂ ಬಂತು. ಗೋವಾದಲ್ಲಿ ಪೋರ್ಚುಗೀಸರ ಕಾಲದಲ್ಲಿ, 16ನೇ ಶತಮಾನದಿಂದ, ಇಗರ್ಜಿಗಳ ಪಕ್ಕದಲ್ಲಿ ಶಾಲೆಗಳು ಹುಟ್ಟಿಕೊಂಡವು. ಅಲ್ಲಿ ಧರ್ಮೋಪದೇಶ, ಓದು ಬರಹದ ಜೊತೆಗೆ ಸಂಗೀತವೂ ಪಾಠ. ಕಲಿಸುವವರನ್ನು ಮೆಸ್ತ್ರೆ ಎನ್ನುತ್ತಿದ್ದರು. ಮೊದಲು ಸ್ವರ ಓದಿ ಹಾಡುವ ಸೊಲ್ಫೇಜೋ, ಅದು ಬಂದ ಮೇಲೆ ಪಿಟೀಲು. ಮೆಸ್ತ್ರೆಯ ಸಂಬಳ ಹುಡುಗರ ಮನೆಯಿಂದ ಬರುತ್ತಿರಲಿಲ್ಲ. ಇಗರ್ಜಿ ಮತ್ತು ಊರವರ ಸಾಮೂಹಿಕ ನಿಧಿ ಅದನ್ನು ಹೊರುತ್ತಿತ್ತು. ಪ್ರತಿಯಾಗಿ ಹುಡುಗರು ಹಬ್ಬಕ್ಕೆ, ಬಲಿಪೂಜೆಗೆ ಹಾಡಬೇಕು, ನುಡಿಸಬೇಕು.

ಇಂಥ ಶಾಲೆಗಳು ಮತ್ತು ಮೆಸ್ತ್ರೆಗಳಿಂದ ಏನಾಯಿತೆಂಬುದನ್ನು ಮುಂಬೈಯ ಹಳೆಯ ಹಿಂದಿ ಸಿನಿಮಾ ಹಾಡುಗಳಲ್ಲಿ ಕೇಳಬಹುದು. ಸ್ವರಲಿಪಿ ಓದಬಲ್ಲ ಗೋವಾದ ವಾದ್ಯಗಾರರು ಅಲ್ಲಿನ ಆರ್ಕೆಸ್ಟ್ರಾಗಳ ಬೆನ್ನೆಲುಬಾಗಿದ್ದರು. ಮಜೋರ್ಡಾ ಎಂಬ ಹಳ್ಳಿಯ ಆಂಥೊನಿ ಗೊನ್ಸಾಲ್ವಿಸ್ ಅವರಲ್ಲಿ ಒಬ್ಬರು. ಅವರ ತಂದೆ ಊರಿನ ಇಗರ್ಜಿಯ ಕೊಯರ್ ನಡೆಸುತ್ತಿದ್ದರು. ಗೊನ್ಸಾಲ್ವಿಸ್ ಅವರಿಂದ ಪಿಟೀಲು ಕಲಿತ ಪ್ಯಾರೇಲಾಲ್ ಮುಂದೆ ದೊಡ್ಡ ಸಂಗೀತ ನಿರ್ದೇಶಕರಾದರು. 1977ರ 'ಅಮರ್ ಅಕ್ಬರ್ ಆಂಥೊನಿ' ಚಿತ್ರದ ಹಾಡಿನಲ್ಲಿ ಬರುವ ಹೆಸರು ಆ ಗುರುವಿಗೆ ಶಿಷ್ಯ ಸಲ್ಲಿಸಿದ ಗೌರವ.

ಕಾಸರಗೋಡಿನ, ಮಂಗಳೂರಿನ ಕಥೊಲಿಕ ಮನೆತನಗಳಲ್ಲಿ ಹಲವರ ಪೂರ್ವಜರು ಗೋವಾದಿಂದ ಬಂದವರೇ. ಹಾಗಾಗಿ ಇಗರ್ಜಿಯ ಪಕ್ಕದಲ್ಲಿ ಉಚಿತವಾಗಿ ಹಾಡು ಕಲಿಯುವುದು ನಮಗೆ ಹೊರಗಿನ ಸಂಗತಿಯಲ್ಲ.

ಇನ್ನೊಂದು ಎಳೆ ಇಂಗ್ಲೆಂಡಿನದ್ದು. 1841ರಲ್ಲಿ ಜಾನ್ ಕರ್ವೆನ್ ಎಂಬ ಯುವ ಪಾದ್ರಿಗೆ ಒಂದು ಕೆಲಸ ಸಿಕ್ಕಿತು: ಭಾನುವಾರದ ಶಾಲೆಯ ಬಡ ಮಕ್ಕಳಿಗೆ ಹಾಡು ಕಲಿಸಲು ಸುಲಭದ ದಾರಿ ಯಾವುದು ಎಂದು ಹುಡುಕಿ ಹೇಳುವುದು. ನಾರ್ವಿಚ್ ಪಟ್ಟಣದ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಮಕ್ಕಳಿಗಾಗಿ ಮಾಡಿಕೊಂಡಿದ್ದ ಕ್ರಮವನ್ನು ಅವರು ತೆಗೆದುಕೊಂಡು ತಿದ್ದಿ ಬೆಳೆಸಿದರು. ಅದೇ ಟಾನಿಕ್ ಸೋಲ್ಫಾ. ಗೆರೆಗಳೂ ಇಲ್ಲ, ಗುಂಡು ಗುರುತುಗಳೂ ಇಲ್ಲ, ಬರೀ ಅಕ್ಷರಗಳು. ಸಂಗೀತ ಮುದ್ರಿಸಲು ವಿಶೇಷ ಅಚ್ಚುಮೊಳೆ ಬೇಕಾಗಿಲ್ಲ, ಯಾವ ಮುದ್ರಣಾಲಯದಲ್ಲಾದರೂ ಸಾಮಾನ್ಯ ಅಕ್ಷರದ ಮೊಳೆಯಲ್ಲೇ ಅಚ್ಚಾಗುತ್ತದೆ. ಅಗ್ಗವಾದದ್ದರಿಂದಲೇ ಅದು ಮಿಷನ್ ಶಾಲೆಗಳ ಮೂಲಕ ದೂರ ದೂರದ ದೇಶಗಳಿಗೆ ಹೋಯಿತು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಮುಂದೆ ಗಿಟಾರ್ ವಿಷಯದಲ್ಲಿ ಇದೇ ಕಥೆ ಮತ್ತೆ ಬರುತ್ತದೆ.

ಮೇಷ್ಟ್ರಿಲ್ಲದವರ ವಾದ್ಯ

ಗಿಟಾರ್ ಮೊದಲಿನಿಂದಲೂ ಸ್ವಂತವಾಗಿ ಕಲಿಯುವವರ ವಾದ್ಯ. ಸ್ಪೇನ್ ದೇಶದ ಕತಲೋನಿಯಾ ಪ್ರಾಂತದಲ್ಲಿ ಜೊವಾನ್ ಕಾರ್ಲೆಸ್ ಅಮಾತ್ ಎಂಬ ವೈದ್ಯರು 16ನೇ ಶತಮಾನದ ಕೊನೆಯಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ಸ್ವರಲಿಪಿ ಓದಲು ಬಾರದವರೂ ಕಾರ್ಡ್ ಹಿಡಿಯುವಂತೆ, ಒಂದೊಂದು ಕಾರ್ಡಿಗೆ ಒಂದೊಂದು ಸಂಖ್ಯೆ ಕೊಟ್ಟು ಅವನ್ನು ಚಕ್ರದಂಥ ಚಿತ್ರದಲ್ಲಿ ಜೋಡಿಸಿದರು. ಆ ಪುಸ್ತಕ ಸುಮಾರು ಇನ್ನೂರು ವರ್ಷ ಮತ್ತೆ ಮತ್ತೆ ಅಚ್ಚಾಯಿತು. 1606ರಲ್ಲಿ ಇಟಲಿಯ ಮೊಂತೆಸಾರ್ದೋ ಎಂಬವರು ಕಾರ್ಡುಗಳಿಗೆ ಅಕ್ಷರ ಕೊಟ್ಟು ಇನ್ನೊಂದು ಪುಸ್ತಕ ಹೊರತಂದರು. ಹಾಡಿನ ಸಾಲಿನ ಮೇಲೆ ಜಿ, ಸಿ, ಡಿ ಎಂದು ಬರೆದುಕೊಳ್ಳುವ ನಮ್ಮ ಕೊಯರ್ ಪುಸ್ತಕದ ಪದ್ಧತಿಯಂಥದ್ದೇ ಅದು.

ಇಗರ್ಜಿಯೊಳಗೂ ಗಿಟಾರ್ ತೀರಾ ಹೊಸದಲ್ಲ. 1818ರ ಕ್ರಿಸ್ಮಸ್ ರಾತ್ರಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ 'ಸೈಲೆಂಟ್ ನೈಟ್' ಮೊದಲ ಬಾರಿ ಕೇಳಿಸಿದ್ದು ಗಿಟಾರಿನ ಜೊತೆ. ನುಡಿಸಿದವರು ಸಾಹಿತ್ಯ ಬರೆದ ಗುರು ಜೋಸೆಫ್ ಮೋರ್ ಅವರೇ. ಆದರೆ ಭಾನುವಾರದ ಪೂಜೆಯಲ್ಲಿ ಗಿಟಾರ್ ಸಾಮಾನ್ಯವಾದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. 1963ರ ಡಿಸೆಂಬರ್ 4ರಂದು ಹೊರಬಂದ ದೈವಾರಾಧನೆಯ ಸಂವಿಧಾನ ಜನರ ಭಾಷೆಗೆ ಬಾಗಿಲು ತೆರೆಯಿತು. ಆರಾಧನೆಗೆ ತಕ್ಕದ್ದಾಗಿದ್ದರೆ, ಅಧಿಕಾರಿಗಳ ಒಪ್ಪಿಗೆ ಇದ್ದರೆ, ಆರ್ಗನ್ ಅಲ್ಲದ ಬೇರೆ ವಾದ್ಯಗಳಿಗೂ ಅವಕಾಶ ಕೊಟ್ಟಿತು. ಕನ್ನಡದಲ್ಲಿ, ಕೊಂಕಣಿಯಲ್ಲಿ ಪೂಜೆ ಬಂತು, ಹೊಸ ಹಾಡುಗಳು ಬಂದವು. ನುಡಿಸುವವರು ಬೇಕಾದರು.

ಅದೇ ಕಾಲಕ್ಕೆ ಪಶ್ಚಿಮದಲ್ಲಿ ಗಿಟಾರ್ ಹುಚ್ಚು ಹಬ್ಬಿತ್ತು. 1957ರಲ್ಲಿ ಇಂಗ್ಲೆಂಡಿನ ಬರ್ಟ್ ವೀಡನ್ 'ಪ್ಲೇ ಇನ್ ಎ ಡೇ' ಎಂಬ ಪುಸ್ತಕ ತಂದರು. ಹೆಸರು ಹೇಳುವಂತೆ ಒಂದೇ ದಿನದಲ್ಲಿ ಯಾರಿಗೂ ಬರಲಿಲ್ಲ. ಆದರೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಎರಿಕ್ ಕ್ಲ್ಯಾಪ್ಟನ್, ಬ್ರಯನ್ ಮೇ ಅವರಂಥವರು ಕೂಡ ಅದರಿಂದಲೇ ಶುರುಮಾಡಿದವರು. 1960ರ ದಶಕದಲ್ಲಿ ಟಿವಿಯೂ ಸೇರಿಕೊಂಡಿತು. ಅಮೆರಿಕದ ಸಾರ್ವಜನಿಕ ಟಿವಿಯಲ್ಲಿ ಲಾರಾ ವೆಬರ್ ಮತ್ತು ಫ್ರೆಡರಿಕ್ ನೋಡ್, ಬ್ರಿಟನ್ನಿನ ಬಿಬಿಸಿಯಲ್ಲಿ ಜಾನ್ ಪಿಯರ್ಸ್ ವಾರ ವಾರ ಗಿಟಾರ್ ಪಾಠ ಮಾಡಿದರು. ಮನೆಯಲ್ಲಿ ಕೂತು ಶಿಕ್ಷಕರ ಬೆರಳು ನೋಡಿ ಕಲಿಯುವುದು ಆಗಲೇ ಶುರುವಾಗಿತ್ತು. ಖರ್ಚು ಹೊತ್ತದ್ದು ಸಾರ್ವಜನಿಕ ಹಣ. ಕೊರತೆ ಒಂದೇ: ಆ ಅರ್ಧ ಗಂಟೆ ತಪ್ಪಿದರೆ ಪಾಠ ತಪ್ಪಿತು. ನಿಲ್ಲಿಸಿ ಹಿಂದಕ್ಕೆ ತಿರುಗಿಸುವ ಹಾಗಿರಲಿಲ್ಲ.

ಆರು ಗೆರೆಗಳ ಬರಹ

ಇಂಟರ್ನೆಟ್ ಬಂದಾಗ ಮೊದಲು ಬಂದದ್ದು ವಿಡಿಯೋ ಅಲ್ಲ, ಅಕ್ಷರ. 1990ರ ದಶಕದ ಮೊದಲಲ್ಲಿ ಟೆಲಿಫೋನ್ ತಂತಿಯ ಮೂಲಕ ಒಂದು ಚಿತ್ರ ಇಳಿಯಲೂ ನಿಮಿಷಗಟ್ಟಲೆ ಕಾಯಬೇಕಿತ್ತು. ಆದರೆ ಬರೀ ಅಕ್ಷರಗಳ ಪುಟ ಕ್ಷಣದಲ್ಲಿ ಬರುತ್ತಿತ್ತು. ಗಿಟಾರಿನವರಿಗೆ ಇದು ಅನುಕೂಲವಾಯಿತು. ಏಕೆಂದರೆ ಅವರ ಬಳಿ ಟ್ಯಾಬ್ ಇತ್ತು.

ಟ್ಯಾಬ್ ಎಂದರೆ ಆರು ಗೆರೆ, ಒಂದೊಂದು ತಂತಿಗೆ ಒಂದೊಂದು. ಗೆರೆಯ ಮೇಲೆ 3 ಎಂದಿದ್ದರೆ ಆ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಬೇಕು, 0 ಎಂದಿದ್ದರೆ ಒತ್ತದೆ ಮೀಟಬೇಕು. ಇದೂ ಹಳೆಯದೇ. ಲ್ಯೂಟ್ ಎಂಬ ವಾದ್ಯಕ್ಕೆ ಇಂಥ ಬರಹದ ಪುಸ್ತಕ 1507ರಲ್ಲೇ ವೆನಿಸ್ ನಗರದಲ್ಲಿ ಅಚ್ಚಾಗಿತ್ತು. ಕಂಪ್ಯೂಟರಿನ ಕೀಲಿಮಣೆಯಲ್ಲಿ ಅಡ್ಡಗೆರೆ ಮತ್ತು ಅಂಕೆ ಒತ್ತಿದರೆ ಟ್ಯಾಬ್ ತಯಾರು. ಕರ್ವೆನ್ ಅವರ ಸೋಲ್ಫಾ ಸಾಮಾನ್ಯ ಅಚ್ಚುಮೊಳೆಯಲ್ಲಿ ಹರಡಿದಂತೆಯೇ, ಟ್ಯಾಬ್ ಸಾಮಾನ್ಯ ಕೀಲಿಮಣೆಯಲ್ಲಿ ಹರಡಿತು. ಅದರ ದೊಡ್ಡ ಕೊರತೆಯೆಂದರೆ ಯಾವ ಸ್ವರ ಎಷ್ಟು ಹೊತ್ತು ಎಂಬುದನ್ನು ಸರಿಯಾಗಿ ತೋರಿಸುವುದಿಲ್ಲ. ಹಾಡು ಮೊದಲೇ ಕಿವಿಯಲ್ಲಿ ಇರಬೇಕು.

1992ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿರುವ ನೆವಾಡಾ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಜೇಮ್ಸ್ ಬೆಂಡರ್ ಎಂಬವರು ಇಂಥ ಪುಟಗಳನ್ನು ಕೂಡಿಡತೊಡಗಿದರು. ಆನ್‌ಲೈನ್ ಗಿಟಾರ್ ಆರ್ಕೈವ್, ಚಿಕ್ಕದಾಗಿ ಓಲ್ಗಾ. ಲೋಕದ ಬೇರೆ ಬೇರೆ ಮೂಲೆಯವರು ಹಾಡು ಕೇಳಿ, ಕಿವಿಯಿಂದಲೇ ಸ್ವರ ಹುಡುಕಿ, ಬರೆದು ಕಳುಹಿಸುತ್ತಿದ್ದರು. ಯಾರಿಗೂ ಸಂಬಳವಿರಲಿಲ್ಲ.

ಆದರೆ ಆ ಹಾಡುಗಳಿಗೆ ಒಡೆಯರಿದ್ದರು. 1996ರಲ್ಲಿ ಇಎಂಐ ಕಂಪನಿಯ ತಕರಾರು ಬಂದಾಗ ವಿಶ್ವವಿದ್ಯಾಲಯ ತನ್ನ ಬಾಗಿಲು ಮುಚ್ಚಿತು. ಸಂಗ್ರಹ ಬೇರೆ ಕಡೆ ಉಳಿಯಿತು. 1998ರಲ್ಲಿ ಮತ್ತೊಂದು ತಕರಾರು. 2006ರಲ್ಲಿ ಸಂಗೀತ ಪ್ರಕಾಶಕರ ಸಂಘಗಳ ನೋಟಿಸಿನ ನಂತರ ಓಲ್ಗಾ ಪೂರ್ತಿ ನಿಂತಿತು. ಪ್ರಕಾಶಕರ ವಾದವೂ ಸುಳ್ಳಲ್ಲ. ಸ್ವರ ಪುಸ್ತಕ ಮಾರಿದರೆ ಹಾಡು ಕಟ್ಟಿದವರಿಗೆ ಒಂದು ಪಾಲು ಸಿಗುತ್ತದೆ, ಉಚಿತ ಪುಟದಿಂದ ಏನೂ ಸಿಗುವುದಿಲ್ಲ. ಬರೆದು ಕಳುಹಿಸಿದವರ ಮಾತು ಬೇರೆ: ನಾವು ಪುಸ್ತಕ ನಕಲು ಮಾಡಲಿಲ್ಲ, ಕಿವಿಯಿಂದ ಕೇಳಿ ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟೆವು. ಈ ಜಗಳದಿಂದ ಒಂದು ಪಾಠ ಉಳಿಯಿತು. ಬೇರೆಯವರ ಹಾಡನ್ನು ಹಂಚುವುದು ಬೇರೆ, ಗಿಟಾರ್ ಹಿಡಿಯುವುದನ್ನು ಕಲಿಸುವುದು ಬೇರೆ. ಡಿ ಕಾರ್ಡಿಗೆ ಯಾರೂ ಒಡೆಯರಿಲ್ಲ.

ಈ ವ್ಯತ್ಯಾಸ ಮೊದಲೇ ತಿಳಿದಿದ್ದವರೂ ಇದ್ದರು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜು 2003ರಲ್ಲಿ ತನ್ನ ಕೆಲವು ಪಾಠಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಹಂಚಬಹುದಾದ ಪರವಾನಗಿಯೊಂದಿಗೆ ಉಚಿತವಾಗಿ ಬಿಟ್ಟಿತು.

ಟಾಸ್ಮೇನಿಯಾದ ಮೇಷ್ಟ್ರು

ಅದೇ 2003ರಲ್ಲಿ ಲಂಡನ್ನಿನಲ್ಲಿ ಇನ್ನೊಬ್ಬರು ಕೆಲಸ ಶುರುಮಾಡಿದರು. ಜಸ್ಟಿನ್ ಸ್ಯಾಂಡರ್ಕೋ. ಹುಟ್ಟೂರು ಆಸ್ಟ್ರೇಲಿಯಾದ ಕೆಳಗಿನ ಟಾಸ್ಮೇನಿಯಾ ದ್ವೀಪ. ಲಂಡನ್ನಿಗೆ ಬಂದು ಗಿಟಾರ್ ನುಡಿಸುತ್ತಾ, ಕಲಿಸುತ್ತಾ ಇದ್ದವರು. ತಮ್ಮದೇ ವೆಬ್‌ಸೈಟ್ ಮಾಡಿ ಪಾಠಗಳನ್ನು ಬರೆದು ಹಾಕಿದರು. ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. 2006ರ ಕೊನೆಯಲ್ಲಿ ಸ್ಯಾಂಡರ್ಕೋ ಅದರಲ್ಲಿ ವಿಡಿಯೋ ಹಾಕತೊಡಗಿದರು.

ಆ ದಿನಗಳಲ್ಲಿ ಯೂಟ್ಯೂಬ್ ವಿಡಿಯೋಗೆ 10 ನಿಮಿಷದ ಮಿತಿ ಇತ್ತು. ಕಲಿಸುವವರಿಗೆ ಇದು ಒಳ್ಳೆಯದೇ ಆಯಿತು ಎಂದು ನನಗನಿಸುತ್ತದೆ. ಒಂದು ಪಾಠದಲ್ಲಿ ಒಂದೇ ವಿಷಯ ಹೇಳಬೇಕಾಯಿತು. ಒಂದು ಕಾರ್ಡ್, ಒಂದು ಮೀಟುವ ಕ್ರಮ. ನೋಡುವವನು ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಅದೇ ಬೆರಳನ್ನು ಇಪ್ಪತ್ತು ಸಲ ನೋಡಬಹುದು. ಟಿವಿ ಪಾಠದಲ್ಲಿ ಇಲ್ಲದ್ದು ಇಲ್ಲಿ ಸಿಕ್ಕಿತು.

ವಿಡಿಯೋ ಹಾಕಿದವರು ಬೇರೆಯವರೂ ಇದ್ದರು. ಸ್ಯಾಂಡರ್ಕೋ ಅವರ ವಿಶೇಷ ಕ್ರಮ. ಮೊದಲ ದಿನದಿಂದ ಮುಂದಕ್ಕೆ ಮೆಟ್ಟಿಲಂತೆ ಪಾಠ ಜೋಡಿಸಿದರು. ಮೊದಲು ಎ, ಡಿ, ಇ ಎಂಬ ಮೂರು ಕಾರ್ಡ್. ಆಮೇಲೆ ಮೈನರ್ ಕಾರ್ಡುಗಳು, ಜಿ ಮತ್ತು ಸಿ. ತೋರುಬೆರಳನ್ನು ಅಡ್ಡ ಒತ್ತಿ ಹಿಡಿಯಬೇಕಾದ ಎಫ್ ಕಾರ್ಡ್ ಬಹಳ ತಡವಾಗಿ. ಇದರ ಹಿಂದೆ ಲೆಕ್ಕವಿದೆ. ಮೂರೇ ಕಾರ್ಡಿನಲ್ಲಿ ಪೂರ್ತಿ ಹಾಡುಗಳನ್ನು ನುಡಿಸಬಹುದು. ಹಾಡು ಬಂದರೆ ಕಲಿಯುವವನು ನಿಲ್ಲುತ್ತಾನೆ, ಬಾರದಿದ್ದರೆ ಗಿಟಾರ್ ಕಪಾಟಿನ ಮೇಲೆ ಹೋಗುತ್ತದೆ.

ಅವರು ಪ್ರಚಾರಕ್ಕೆ ತಂದ ಒಂದು ಅಭ್ಯಾಸ ನಮ್ಮ ಮಕ್ಕಳಿಗೂ ಗೊತ್ತು: ಒಂದು ನಿಮಿಷದ ಬದಲಾವಣೆ. ಫೋನಿನಲ್ಲಿ ಒಂದು ನಿಮಿಷ ಇಟ್ಟು ಎ ಯಿಂದ ಡಿ ಗೆ, ಡಿ ಯಿಂದ ಎ ಗೆ ಎಷ್ಟು ಸಲ ಬದಲಾಯಿಸಿದಿರಿ ಎಂದು ಎಣಿಸಿ ಬರೆದಿಡಿ. ನಾಳೆ ಮತ್ತೆ ಎಣಿಸಿ. ಸೋಮವಾರ 12 ಇದ್ದದ್ದು ಶನಿವಾರ 20 ಆದರೆ ಯಾರೂ ಹೊಗಳದೆಯೂ ಮುನ್ನಡೆ ಕಣ್ಣಿಗೆ ಕಾಣುತ್ತದೆ. ವಿಜ್ಞಾನ ಓದಿದ ನನಗೆ ಇದು ಇಷ್ಟವಾಗಲು ಕಾರಣ ಸರಳ. ಅಳತೆ ಮಾಡಿದ್ದು ಸುಧಾರಿಸಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನು ಹಣದ ಮಾತು. ಅವರ ಪಾಠಗಳಿಗೆ ಫೀಸಿಲ್ಲ. ಸಾಮರ್ಥ್ಯ ಇದ್ದವರು ಮನಸ್ಸಿನಿಂದ ಕೊಡಲಿ, ಇಲ್ಲದವರು ಹಾಗೇ ಕಲಿಯಲಿ ಎಂಬ ನಂಬಿಕೆಯ ವ್ಯವಸ್ಥೆ. ಜೊತೆಗೆ ಪುಸ್ತಕ ಮಾರಿದರು, ಆಮೇಲೆ ಹಣ ಕೊಟ್ಟು ಬಳಸುವ ಆ್ಯಪ್ ಬಂತು. ಕೊಡುವವರ ಹಣದಿಂದ ಕೊಡಲಾರದವರೂ ಕಲಿಯುತ್ತಾರೆ. ನಮ್ಮ ಇಗರ್ಜಿಯ ಕಾಣಿಕೆ ಪೆಟ್ಟಿಗೆ ನಡೆಯುವುದೂ ಹೀಗೆಯೇ ಅಲ್ಲವೇ? ಇನ್ನುಳಿದ ಹೆಚ್ಚಿನ ಉಚಿತ ಪಾಠಗಳಿಗೆ ಹಣ ಬರುವುದು ಜಾಹೀರಾತಿನಿಂದ. ಯೂಟ್ಯೂಬ್ 2007ರಿಂದ ವಿಡಿಯೋ ಮಾಡುವವರಿಗೆ ಜಾಹೀರಾತಿನ ಪಾಲು ಕೊಡಲು ಶುರುಮಾಡಿತು. ಅಲ್ಲಿ ನಾವು ಕೊಡುವುದು ರೂಪಾಯಿ ಅಲ್ಲ, ನಮ್ಮ ಸಮಯ ಮತ್ತು ಗಮನ. ಅದಕ್ಕೇ ಒಂದು ಪಾಠ ಮುಗಿಯುವ ಮೊದಲೇ ಇನ್ನೊಂದು ವಿಡಿಯೋ ಕರೆಯುತ್ತದೆ. ಎಫ್ ಕಾರ್ಡ್ ಕಲಿಯಲು ಕೂತವರು ಅರ್ಧ ಗಂಟೆಯ ನಂತರ ಯಾರದೋ ಗಿಟಾರ್ ಅಂಗಡಿಯ ವಿಡಿಯೋ ನೋಡುತ್ತಿರುತ್ತಾರೆ.

ನಮ್ಮೂರಿಗೆ ಬಂದದ್ದು

ಇದೆಲ್ಲ ಇದ್ದರೂ 2016ರ ಮೊದಲು ನಮ್ಮ ಹಳ್ಳಿಗಳಿಗೆ ಇದರ ಉಪಯೋಗ ಕಡಿಮೆ. ಒಂದು ಜಿಬಿ ಡೇಟಾಕ್ಕೆ ಇನ್ನೂರು ರೂಪಾಯಿಗೂ ಹೆಚ್ಚು ಬೀಳುತ್ತಿದ್ದ ಕಾಲದಲ್ಲಿ ಒಂದೇ ಬೆರಳನ್ನು ಇಪ್ಪತ್ತು ಸಲ ನೋಡುವುದು ದುಬಾರಿ ಶೋಕಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ನಂತರ ಡೇಟಾ ಬೆಲೆ ಕುಸಿಯಿತು. ಆಮೇಲೆಯೇ ಅಡಿಕೆ ತೋಟದ ನಡುವಿನ ಮನೆಗಳಲ್ಲೂ ಲಂಡನ್ನಿನ ಪಾಠ ಕೇಳಿಸತೊಡಗಿತು.

2020ರ ಮಾರ್ಚ್ ತಿಂಗಳನ್ನು ಗಡಿನಾಡಿನವರು ಮರೆಯುವಂತಿಲ್ಲ. ಲಾಕ್‌ಡೌನ್ ಬಂತು, ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಆಸ್ಪತ್ರೆಗೇ ದಾಟಲಾಗದಾಗ ಸಂಗೀತದ ಕ್ಲಾಸಿನ ಮಾತೆಲ್ಲಿ? ಇಗರ್ಜಿಯಲ್ಲಿ ಪೂಜೆಗೆ ಜನ ಸೇರುವಂತಿರಲಿಲ್ಲ, ಕೊಯರ್ ಇರಲಿಲ್ಲ. ಅದೇ ತಿಂಗಳಲ್ಲಿ ಗಿಟಾರ್ ತಯಾರಿಸುವ ಅಮೆರಿಕದ ಫೆಂಡರ್ ಕಂಪನಿ ತನ್ನ ಆನ್‌ಲೈನ್ ಪಾಠಗಳನ್ನು ಮೂರು ತಿಂಗಳು ಉಚಿತವಾಗಿ ಕೊಟ್ಟಿತು. ಮೊದಲು 1 ಲಕ್ಷ ಜನರಿಗೆ ಎಂದದ್ದು, ಬೇಡಿಕೆ ನೋಡಿ ಹಲವು ಪಟ್ಟು ಹೆಚ್ಚಿಸಬೇಕಾಯಿತು. ಲೋಕದ ತುಂಬ ಜನ ಮನೆಯೊಳಗೆ ಕೂತು ಗಿಟಾರ್ ಹಿಡಿದರು.

ಕಂಪನಿಗೆ ಇದರಲ್ಲಿ ಸ್ವಾರ್ಥ ಇತ್ತು, ಅದನ್ನು ಅವರು ಮುಚ್ಚಿಟ್ಟೂ ಇರಲಿಲ್ಲ. ಹೊಸದಾಗಿ ಗಿಟಾರ್ ಕೊಂಡವರಲ್ಲಿ ನೂರಕ್ಕೆ ಸುಮಾರು 90 ಮಂದಿ ಮೊದಲ ವರ್ಷದೊಳಗೇ ಬಿಟ್ಟುಬಿಡುತ್ತಾರೆ ಎಂದು ಕಂಪನಿಯ ಮುಖ್ಯಸ್ಥರಾಗಿದ್ದ ಆಂಡಿ ಮೂನಿ ಅದಕ್ಕೂ ಮೊದಲೇ ಹೇಳಿದ್ದರು. ಉಳಿದ ಹತ್ತು ಮಂದಿಯೇ ಮುಂದೆ ಇನ್ನೊಂದು ಗಿಟಾರ್ ಕೊಳ್ಳುವವರು. ಬಿಡುವವರನ್ನು ತಡೆದರೆ ವ್ಯಾಪಾರ ಹೆಚ್ಚುತ್ತದೆ.

ವ್ಯಾಪಾರದ ಲೆಕ್ಕ ಅವರಿಗಿರಲಿ. ಈ 90ರ ಲೆಕ್ಕ ನಮಗೂ ಬೇಕು. ಪಾಠ ಉಚಿತವಾಯಿತು, ಡೇಟಾ ಅಗ್ಗವಾಯಿತು, ಆದರೂ ಶುರುಮಾಡಿದವರು ಏಕೆ ಬಿಡುತ್ತಾರೆ?

ಫೋನಿಗೆ ಕೇಳಿಸದ್ದು

ವಿಡಿಯೋದಲ್ಲಿ ಕಲಿಸುವವರನ್ನು ನೀವು ನೋಡುತ್ತೀರಿ, ಅವರು ನಿಮ್ಮನ್ನು ನೋಡುವುದಿಲ್ಲ. ಇದೊಂದೇ ಮಾತಿನಲ್ಲಿ ಹೆಚ್ಚಿನ ಉತ್ತರ ಇದೆ.

ಬೆರಳು ಫ್ರೆಟ್ಟಿನ ಹತ್ತಿರ ಒತ್ತದೆ ನಡುವೆ ಒತ್ತಿದರೆ ತಂತಿ ಝುಂಯ್ ಎನ್ನುತ್ತದೆ. ಮಣಿಕಟ್ಟು ಅತಿಯಾಗಿ ಬಾಗಿದರೆ ಹತ್ತು ನಿಮಿಷದಲ್ಲಿ ನೋವು. ಗಿಟಾರಿನಲ್ಲಿ ತಂತಿ ಮರದಿಂದ ಬಹಳ ಎತ್ತರದಲ್ಲಿದ್ದರೆ ಎಷ್ಟು ಒತ್ತಿದರೂ ಸ್ವರ ಶುದ್ಧವಾಗಿ ಬರುವುದಿಲ್ಲ. ಅಗ್ಗದ ಗಿಟಾರುಗಳಲ್ಲಿ ಇದು ಸಾಮಾನ್ಯ. ತಪ್ಪು ಗಿಟಾರಿನದ್ದು, ಆದರೆ ಹದಿಮೂರರ ಹುಡುಗಿ "ನನ್ನ ಕೈಗೆ ಬರುವುದಿಲ್ಲ" ಎಂದು ತೀರ್ಮಾನಿಸುತ್ತಾಳೆ. ಪಕ್ಕದಲ್ಲಿ ನುಡಿಸಬಲ್ಲ ಒಬ್ಬ ಅಕ್ಕನೋ ಅಣ್ಣನೋ ಇದ್ದರೆ ಐದು ನಿಮಿಷದಲ್ಲಿ ಇದು ಗೊತ್ತಾಗುತ್ತದೆ. ಅಂಗಡಿಯವರ ಹತ್ತಿರ ತಂತಿ ತಗ್ಗಿಸಿದರೆ ಮುಗಿಯಿತು.

ಇನ್ನೊಂದು ಕೊರತೆ ಹಾಡಿನದ್ದು. ಉಚಿತ ಪಾಠಗಳಲ್ಲಿ ಬರುವ ಹಾಡುಗಳು ಹೆಚ್ಚಾಗಿ ಇಂಗ್ಲಿಷಿನವು. ನಮ್ಮ ಕನ್ನಡ ಪೂಜೆಯ ಹಾಡುಗಳ ಕಾರ್ಡುಗಳು ಹಿರಿಯ ಕೊಯರ್ ಸದಸ್ಯರ ನೋಟ್‌ಬುಕ್ಕಿನಲ್ಲಿವೆ, ಕೆಲವು ಅವರ ತಲೆಯಲ್ಲಿ ಮಾತ್ರ ಇವೆ. ಮೂರು ಕಾಲದ ತಾಳದ ಹಾಡಿಗೆ ಹೇಗೆ ಮೀಟಬೇಕು, ಮಕ್ಕಳ ಧ್ವನಿಗೆ ಎತ್ತರ ಸಾಲದಿದ್ದರೆ ಎರಡನೇ ಫ್ರೆಟ್ಟಿಗೆ ಕ್ಯಾಪೋ ಹಾಕಿ ಜಿ ಆಕಾರವನ್ನೇ ಹಿಡಿದು ಎ ಶ್ರುತಿಯಲ್ಲಿ ನುಡಿಸುವುದು ಹೇಗೆ, ಕಾಣಿಕೆಯ ಮೆರವಣಿಗೆ ಉದ್ದವಾದರೆ ಯಾವ ಸಾಲಿಗೆ ಮರಳಬೇಕು, ಇದನ್ನು ಲಂಡನ್ನಿನ ಮೇಷ್ಟ್ರು ಹೇಳಿಕೊಡಲಾರರು. ಅದು ನಮ್ಮಲ್ಲಿ ಗೊತ್ತಿದ್ದವರ ಕೆಲಸ.

ಗೋವಾದ ಇಗರ್ಜಿ ಶಾಲೆಗಳ ವ್ಯವಸ್ಥೆಯನ್ನು ಇಲ್ಲಿ ನೆನೆಯಬೇಕು. ಉಚಿತವಾಗಿ ಕಲಿತ ಹುಡುಗ ಹಬ್ಬಕ್ಕೆ ನುಡಿಸಿಕೊಡಬೇಕಿತ್ತು, ಅವರಲ್ಲೇ ಒಬ್ಬ ಮುಂದೆ ಮೆಸ್ತ್ರೆ ಆಗುತ್ತಿದ್ದ. ಪಡೆದದ್ದು ಮುಂದಕ್ಕೆ ಹೋಗುತ್ತಿತ್ತು. ಫೋನಿನ ಪಾಠದಲ್ಲಿ ಈ ಮುಂದಕ್ಕೆ ಹೋಗುವ ಭಾಗ ತಾನಾಗಿ ಬರುವುದಿಲ್ಲ, ನಾವೇ ಜೋಡಿಸಬೇಕು. ಒಬ್ಬನೇ ಕಲಿತು, ಒಬ್ಬನೇ ನುಡಿಸಿ, ಒಬ್ಬನೇ ಬಿಟ್ಟುಬಿಟ್ಟರೆ ಕೊಯರ್‌ಗೆ ಏನೂ ಉಳಿಯುವುದಿಲ್ಲ.

ಹಾಗಾಗಿ ನಮ್ಮ ಯುವಜನರ ಮುಂದೆ ಮೂರು ಮಾತು ಇಡುತ್ತೇನೆ.

ಒಂದು: ಫೋನಿನಲ್ಲಿ ಕಲಿಯಿರಿ, ಆದರೆ ಒಬ್ಬರ ಪಾಠಮಾಲೆಯನ್ನೇ ಕೊನೆತನಕ ಹಿಡಿಯಿರಿ. ದಿನಕ್ಕೆ ಹದಿನೈದು ನಿಮಿಷ ಸಾಕು. ವಾರಕ್ಕೊಮ್ಮೆ ಎರಡು ಗಂಟೆಗಿಂತ ಅದು ಮೇಲು. ಬೆರಳ ತುದಿ ಗಟ್ಟಿಯಾಗಲು ಕೆಲವು ವಾರ ಬೇಕು, ಆ ನೋವು ಎಲ್ಲರಿಗೂ ಇದೆ.

ಎರಡು: ಮೂರು ಕಾರ್ಡ್ ಸಲೀಸಾಗಿ ಬದಲಾಯಿಸಲು ಬಂದ ದಿನದಿಂದಲೇ ನೀವು ಒಬ್ಬರಿಗೆ ಕಲಿಸಬಲ್ಲಿರಿ. ದೊಡ್ಡ ವಿದ್ವಾಂಸರಾಗುವ ತನಕ ಕಾಯಬೇಡಿ. ನಿನ್ನೆ ಕಷ್ಟಪಟ್ಟವರಿಗೆ ಇವತ್ತು ಕಷ್ಟಪಡುವವರ ಬೆರಳು ಬೇಗ ಅರ್ಥವಾಗುತ್ತದೆ.

ಮೂರು: ನಮ್ಮ ಹಾಡುಗಳ ಕಾರ್ಡುಗಳನ್ನು ಬರೆದಿಡೋಣ. ಹಾಡು ಕಟ್ಟಿದವರ ಹೆಸರನ್ನು ಪ್ರತಿ ಹಾಳೆಯಲ್ಲೂ ಬರೆಯೋಣ, ಹೊರಗೆ ಹಂಚುವ ಮೊದಲು ಅವರ ಒಪ್ಪಿಗೆ ಕೇಳೋಣ. ಓಲ್ಗಾದ ಕಥೆ ಓದಿದ ಮೇಲೆ ಇದರ ಕಾರಣ ವಿವರಿಸಬೇಕಾಗಿಲ್ಲ. ಕೀರ್ತನೆ ಬರೆದವರೂ ದುಡಿದವರೇ.

ಮುಂದಿನ ಭಾನುವಾರದಿಂದ ಎರಡನೇ ಪೂಜೆಯ ನಂತರ ಒಂದು ಗಂಟೆ ಇಗರ್ಜಿಯ ಸಭಾಂಗಣ ತೆರೆದಿರುತ್ತದೆ. ಫಾದರ್ ಒಪ್ಪಿದ್ದಾರೆ. ವಿಡಿಯೋದಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದೀರೋ ಅಲ್ಲಿಂದ ಶುರುಮಾಡೋಣ. ನುಡಿಸಲು ಬಲ್ಲವರು ಒಬ್ಬೊಬ್ಬ ಹೊಸಬರ ಪಕ್ಕ ಕೂತರೆ ಸಾಕು. ತಂದೆ ತಾಯಂದಿರಲ್ಲಿ ಹಿಂದೆ ನುಡಿಸುತ್ತಿದ್ದು ಈಗ ಬಿಟ್ಟವರಿದ್ದರೆ ದಯವಿಟ್ಟು ನೀವೂ ಬನ್ನಿ, ನಿಮ್ಮ ಹಳೆಯ ನೋಟ್‌ಬುಕ್ ಜೊತೆಗಿರಲಿ. ಫೀಸು ಇಲ್ಲ. ಗಿಟಾರ್ ಇಲ್ಲದವರೂ ಹಿಂಜರಿಯಬೇಡಿ. ಕೊಯರ್ ಕಪಾಟಿನಲ್ಲಿದ್ದ ಹಳೆಯ ಗಿಟಾರಿಗೆ ಹೊಸ ತಂತಿ ಹಾಕಿಸಿದ್ದೇವೆ.